ಈರಪ್ಪ ಹಾಡಿದ ವರ್ಷ

ಹೋದ ತಿಂಗಳು ಸಹೋದ್ಯೋಗಿಯೊಬ್ಬರ ಮನೆಯ ಗೃಹಪ್ರವೇಶಕ್ಕೆಂದು ರಾಜರಾಜೇಶ್ವರಿನಗರದ ಕಡೆ ಹೊರಟವಳು ನಾಯಂಡಹಳ್ಳಿಯಲ್ಲಿ ಮೆಟ್ರೋ ಇಳಿದೆ. ಆಟೋಗೆ ಕಾಯುತ್ತ ರಸ್ತೆ ಬದಿಯಲ್ಲಿ ನಿಂತಿದ್ದಾಗ ಎಲ್ಲಿಂದಲೋ ಕಾದ ವಾರ್ನಿಷ್ ವಾಸನೆ ಬಂತು. ಸುಟ್ಟುಹೋದ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಾಕಿ, ಬಿಸಿಯಲ್ಲಿ ಒಣಗಿಸುವ ಅಂಗಡಿಗಳು ಆ ಸುತ್ತಿನಲ್ಲಿ ಇನ್ನೂ ಇವೆ. ಉಡುಗೊರೆಯ ಪೊಟ್ಟಣ ಹಿಡಿದುಕೊಂಡು ಅಲ್ಲಿಯೇ ನಿಂತುಬಿಟ್ಟೆ. ಎರಡು ಆಟೋಗಳು ನಿಂತು, ಕೇಳಿ, ಹೋದವು. ಲಾಕ್‌ಡೌನ್ ಎಲ್ಲ ಮುಗಿದ ಮರುವರ್ಷ ನನ್ನ ಭಾನುವಾರದ ಮಧ್ಯಾಹ್ನಗಳೆಲ್ಲ ಆ ವಾಸನೆಯಲ್ಲೇ ಕಳೆದಿದ್ದವು.

ಆಗ ನಾವು ಮೂವರಿದ್ದೆವು. ಗಿಟಾರಿಗೆ ಮೋಹನ. ನಾಯಂಡಹಳ್ಳಿ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿಯೇ ಇದ್ದ ಮನೆತನ ಅವನದು; ಅಜ್ಜ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಇವನ ಮೋಟರ್ ವೈಂಡಿಂಗ್ ಅಂಗಡಿ, ಅದರ ಮೇಲೊಂದು ಶೀಟಿನ ಕೋಣೆ. ಡ್ರಮ್ಸಿಗೆ ಕಿರಣ, ಯಾವುದೋ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಮೂರನೆಯವಳು ನಾನು, ಬಸವೇಶ್ವರನಗರದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಹೈಸ್ಕೂಲಿಗೆ ಇಂಗ್ಲಿಷ್ ಹೇಳಿಕೊಡುವವಳು. ಕೀಬೋರ್ಡಿನಲ್ಲಿ ಹಳೆಯ ಆರ್ಗನ್ ಧ್ವನಿ ಇಟ್ಟುಕೊಂಡು ನುಡಿಸುತ್ತಿದ್ದೆ. ಬೇಸ್ ಗಿಟಾರಿಗೆ ಯಾರೂ ಸಿಕ್ಕಿರಲಿಲ್ಲ; ಅದನ್ನೂ ನಾನೇ ಎಡಗೈಯಲ್ಲಿ ನಿಭಾಯಿಸುತ್ತಿದ್ದೆ. ಮೂವರಿಗೂ ನಲವತ್ತರ ಆಸುಪಾಸು. ಮೂವರ ಮನೆಯಲ್ಲೂ ಇದನ್ನು ಒಂದು ತರಹದ ಕಾಯಿಲೆ ಎಂದೇ ತಿಳಿದಿದ್ದರು.

ಈ ಕಾಯಿಲೆ ನನಗೆ ಹತ್ತಿದ್ದು ರಾಜಾಜಿನಗರದ ನನ್ನ ಸೋದರಮಾವನಿಂದ. ಅವರ ಬಳಿ ಎಪ್ಪತ್ತರ ದಶಕದ ರಾಕ್ ತಂಡಗಳ ಕ್ಯಾಸೆಟ್ಟುಗಳು ಒಂದು ಟ್ರಂಕಿನ ತುಂಬ ಇದ್ದವು. ಅದರಲ್ಲಿ ಒಂದು ಇಂಗ್ಲೆಂಡಿನ ತಂಡ ಹೊರದೇಶದ ಸಭಾಂಗಣವೊಂದರಲ್ಲಿ ಜನರ ಮುಂದೆ ನುಡಿಸಿದಾಗ ಮುದ್ರಿಸಿಕೊಂಡ ಆಲ್ಬಮ್. ಹೆಸರು ಬೇಡ, ಕೇಳದವರಿಗೆ ಬರಿಯ ಹೆಸರಿನಿಂದ ಏನೂ ತಿಳಿಯುವುದಿಲ್ಲ. ಯಾರೋ ಕೆಮ್ಮುವುದು, ಯಾರೋ ಶಿಳ್ಳೆ ಹಾಕುವುದು ಎಲ್ಲ ಅದರಲ್ಲಿ ಕೇಳುತ್ತದೆ. ಆ ಹಾಡುಗಳನ್ನು ಸ್ಟುಡಿಯೋದಲ್ಲಿಯೂ ಹಾಡಿದ್ದರು, ಆದರೆ ಜನರೆದುರು ಅವು ಎರಡರಷ್ಟು ಉದ್ದವಾಗಿ, ಎಲ್ಲೆಲ್ಲಿಗೋ ಹೋಗಿ, ಬೀಳುವಂತಾಗಿ, ಮತ್ತೆ ಎದ್ದು ನಿಲ್ಲುತ್ತಿದ್ದವು. ಎಲ್ಲಕ್ಕಿಂತ ಉದ್ದದ ಹಾಡಿನ ಮಧ್ಯದಲ್ಲಿ ಕ್ಯಾಸೆಟ್ಟಿನ ಒಂದು ಬದಿ ಮುಗಿದುಬಿಡುತ್ತಿತ್ತು. ಹಾಡು ಅಷ್ಟೇ ಎಂದು ನಾನು ಎಷ್ಟೋ ವರ್ಷ ನಂಬಿಕೊಂಡಿದ್ದೆ.

ಮೋಹನ, ಕಿರಣ, ನಾನು ಆ ಆಲ್ಬಮನ್ನು 'ದೊಡ್ಡದು' ಎಂದು ಕರೆಯುತ್ತಿದ್ದೆವು. ಅದನ್ನು ಮೊದಲಿನಿಂದ ಕೊನೆಯವರೆಗೆ ಒಂದು ಸಲ ಜನರ ಮುಂದೆ ನುಡಿಸಬೇಕು ಎನ್ನುವುದು ನಮ್ಮ ಆಸೆ. ಹಾಡುವವರು ಮಾತ್ರ ಇರಲಿಲ್ಲ. ಆ ಗಾಯಕನ ಎತ್ತರಕ್ಕೆ ಹೋಗಲು ಪ್ರಯತ್ನಿಸಿ ಮೋಹನ ಎರಡು ದಿನ ಗಂಟಲು ಕಟ್ಟಿಕೊಂಡು ಕೂತಿದ್ದ.

ಫೆಬ್ರವರಿಯ ಒಂದು ಭಾನುವಾರ ನಾವು ತರಿಸಿದ ಬಿರಿಯಾನಿ ತಂದುಕೊಡಲು ಈರಪ್ಪ ಮೆಟ್ಟಿಲು ಹತ್ತಿ ಬಂದ. ಡೆಲಿವರಿ ಕಂಪನಿಯ ಟೀ ಶರ್ಟು, ತಲೆಯಲ್ಲಿ ಹೆಲ್ಮೆಟ್ಟು. ವಯಸ್ಸು ಇಪ್ಪತ್ತೇಳೋ ಇಪ್ಪತ್ತೆಂಟೋ. ಪೊಟ್ಟಣ ಕೊಟ್ಟವನು ಹೋಗಲಿಲ್ಲ. ಹೆಲ್ಮೆಟ್ಟು ತೆಗೆದು ಬಾಗಿಲಲ್ಲಿ ನಿಂತು ಉದ್ದದ ಹಾಡನ್ನು ಪೂರ್ತಿ ಕೇಳಿದ. ಆಮೇಲೆ ನನ್ನ ಕೀಬೋರ್ಡಿನ ಹತ್ತಿರ ಬಂದು ಬಗ್ಗಿ ನೋಡಿದ.

"ಇದು ಪೇಟಿ ಏನ್ರಿ ಅಕ್ಕಾರ? ಧ್ವನಿ ನಮ್ಮ ಪೇಟಿದ ಐತಿ."

ಪೇಟಿ ಅಂದರೆ ಹಾರ್ಮೋನಿಯಂ. ಇದು ಆರ್ಗನ್ ಅಂತ ಹೇಳಿದೆ.

"ಈ ನಡುವ ಖಾಲಿ ಬಿಟ್ಟೀರಲ್ರಿ, ಅಲ್ಲಿ ಯಾರ ಹಾಡ್ತಾರ?"

"ಅಲ್ಲಿ ಹಾಡೋರು ಬೇಕಾಗಿದಾರೆ ಗುರು," ಅಂದ ಮೋಹನ. "ನೀನು ಹಾಡ್ತೀಯಾ?" ಅವನು ಕೇಳಿದ್ದು ತಮಾಷೆಗೆ.

ಈರಪ್ಪ ಕೊಪ್ಪಳದ ಕಡೆಯವನು. ಅವನ ಅಪ್ಪ ದೊಡ್ಡಾಟದ ಮೇಳದಲ್ಲಿ ಹಾಡುವವರು. ಬಯಲಿನಲ್ಲಿ, ಮೈಕಿಲ್ಲದ ಕಾಲದಲ್ಲಿ, ಕೊನೆಯ ಸಾಲಿನ ಮುದುಕಿಗೂ ಕೇಳಬೇಕು ಎಂದು ಕಲಿತ ಹಾಡಿಕೆ ಅದು. ಇವನೂ ಹನ್ನೆರಡನೇ ವಯಸ್ಸಿನಿಂದ ಅಪ್ಪನ ಹಿಂದೆ ನಿಂತು ಹಾಡಿದ್ದವನು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಆವತ್ತು ಅವನು ಮಾಡಿದ್ದು ಇಷ್ಟೇ: ಎಡಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು, ಕಣ್ಣು ಮುಚ್ಚಿ, ನಾನು ಹಿಡಿದ ಸ್ವರದ ಮೇಲೆ ನಿಂತು ಕೂಗಿದ. ಮೇಲಿನ ಶೀಟು ನಡುಗಿತು. ಕೆಳಗೆ ಅಂಗಡಿಯಲ್ಲಿ ತಂತಿ ಸುತ್ತುತ್ತಿದ್ದವರು ಹೊರಗೆ ಬಂದು ಮೇಲೆ ನೋಡಿದರು. ಕಿರಣ ಡ್ರಮ್ಸಿನ ಕಡ್ಡಿಗಳನ್ನು ತೊಡೆಯ ಮೇಲಿಟ್ಟುಕೊಂಡ. ಬಿರಿಯಾನಿ ಆರಿಹೋಯಿತು.

ಅಲ್ಲಿಂದ ಪ್ರತಿ ಭಾನುವಾರ ಊಟದ ಹೊತ್ತಿನ ಆರ್ಡರುಗಳು ಮುಗಿದ ಮೇಲೆ ಆ್ಯಪ್ ಆಫ್ ಮಾಡಿ ಅವನು ಬರುತ್ತಿದ್ದ. ಶ್ರೀಗಂಧದ ಕಾವಲಿನಲ್ಲಿ ಮೂವರ ಜೊತೆ ಒಂದು ರೂಮಿನಲ್ಲಿದ್ದ. ಬರುವಾಗ ಊರಿಂದ ಬಂದ ಶೇಂಗಾ ಚಟ್ನಿಪುಡಿಯನ್ನೋ ಸಜ್ಜೆರೊಟ್ಟಿಯನ್ನೋ ತರುತ್ತಿದ್ದ. ಇಂಗ್ಲಿಷ್ ಅಕ್ಷರ ಓದಲು ಬರುತ್ತಿತ್ತು, ಆದರೆ ನಿಧಾನ. ಹಾಗಾಗಿ ನಾನು ಎಲ್ಲ ಹಾಡುಗಳ ಮಾತನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟೆ. ಒಂದು ಸಾಲು ಇಂಗ್ಲಿಷು, ಅದರ ಕೆಳಗೆ ಅರ್ಥ. ಅರ್ಥ ಗೊತ್ತಾಗದೆ ಅವನು ಬಾಯಿ ತೆರೆಯುತ್ತಿರಲಿಲ್ಲ. ಉದ್ದದ ಹಾಡಿನಲ್ಲಿ ಹಡಗು ಹತ್ತಿ ಹೋಗಿ ಮರಳದವನೊಬ್ಬನ, ದಡದಲ್ಲಿ ಉಳಿದವಳೊಬ್ಬಳ ಕತೆ ಇತ್ತು.

"ಈ ಹಡಗಿನವ ಯಾಕ ಹೊಳ್ಳಿ ಬರಲಿಲ್ರಿ ಅಕ್ಕಾರ?"

"ಹಾಡಿನಲ್ಲಿ ಹೇಳಿಲ್ಲ ಕಣಪ್ಪ."

"ಹಂಗಾರ ದಂಡ್ಯಾಗ ನಿಂತಾಕಿಗೂ ಗೊತ್ತಿಲ್ಲ. ಅದಕ್ಕ ಹಿಂಗ ಕರೀತಾಳ." ಆಮೇಲೆ ಹೇಳಿದ, "ನಮ್ಮ ಆಟದಾಗೂ ಇಂಥ ಅಳು ಒಂದ ಬರ್ತೈತ್ರಿ. ಮಾತ ಇರಂಗಿಲ್ಲ. ಬರೀ ಕರಿಯೂದು."

ಆ ಉದ್ದದ ಹಾಡಿನ ನಡುವೆ ಮಾತಿಲ್ಲದ ಒಂದು ಭಾಗ ಬರುತ್ತದೆ. ಆರ್ಗನ್ ಕೆಳಗೆ ಒಂದೇ ಸ್ವರದಲ್ಲಿ ಉಸಿರಾಡುತ್ತಿರುತ್ತದೆ, ಗಾಯಕ ಒಂದೊಂದೇ ಮೆಟ್ಟಿಲು ಮೇಲೇರುತ್ತಾನೆ. ಇಪ್ಪತ್ತೈದು ವರ್ಷ ಕೇಳಿದ್ದ ನನಗೆ ಅದು ಗಂಟಲಿನ ಸಾಹಸ ಮಾತ್ರ ಆಗಿತ್ತು. ಕಾಯುತ್ತಿರುವವಳೊಬ್ಬಳು ಅದರಲ್ಲಿ ಇದ್ದಾಳೆ ಎಂದು ಆ ದಿನ ತಿಳಿಯಿತು. ಏಪ್ರಿಲ್, ಮೇ ತಿಂಗಳ ಆ ಧಗೆಯಲ್ಲಿ ಶೀಟಿನ ಕೆಳಗೆ ಬೆವರುತ್ತ, ಮೋಟರಿನ ಗುಂಯ್‌ಗುಡುವಿಕೆ ಆಂಪ್ಲಿಫಯರಿನೊಳಕ್ಕೆ ಬರುವುದನ್ನು ಬೈಯುತ್ತ, ನಾವು ನಾಲ್ವರೂ ಎಷ್ಟು ಸಂತೋಷವಾಗಿದ್ದೆವು ಎಂದರೆ, ಜೂನಿನಲ್ಲಿ ಶಾಲೆ ತೆರೆದಾಗ ಸೋಮವಾರದ ಮೊದಲ ಪೀರಿಯಡ್ಡಿನಲ್ಲಿ ನನ್ನ ಮಕ್ಕಳು, "ಮಿಸ್, ನೀವು ಈಗ ಬಯ್ಯೋದೇ ಇಲ್ಲ" ಎಂದಿದ್ದರು.

ಮಳೆ ಶುರುವಾದ ಮೇಲೆ ಕಾರ್ಯಕ್ರಮವೂ ಕುದುರಿತು. ರಾಜರಾಜೇಶ್ವರಿನಗರದಲ್ಲಿ ಹೊಸದಾಗಿ ತೆರೆದಿದ್ದ, ಬಿಯರು ಮಾರುವ ಒಂದು ಬ್ರೂವರಿಯಲ್ಲಿ ಭಾನುವಾರ ಸಂಜೆ ಹಳೆಯ ರಾಕ್ ಸಂಗೀತ ಇರುತ್ತಿತ್ತು. ಪೂರ್ತಿ ಆಲ್ಬಮ್ಮನ್ನು ನುಡಿಸುತ್ತೇವೆ ಎಂದಾಗ ಅಲ್ಲಿಯ ಮ್ಯಾನೇಜರಿಗೆ ಖುಷಿಯಾಯಿತು. ಸೆಪ್ಟೆಂಬರಿನಲ್ಲಿ ಒಂದು ದಿನ ಗೊತ್ತು ಮಾಡಿದರು. ನಾನು ಶಾಲೆಯಲ್ಲೆಲ್ಲ ಹೇಳಿಕೊಂಡೆ. ನಮ್ಮ ಪ್ರಿನ್ಸಿಪಾಲರೂ ಬರುತ್ತೇನೆ ಅಂದರು. ಈರಪ್ಪ ಊರಿಗೆ ಫೋನ್ ಮಾಡಿ ಅಪ್ಪನನ್ನು ಕರೆದ.

ಕಾರ್ಯಕ್ರಮಕ್ಕೆ ಎರಡು ವಾರ ಇರುವಾಗ ಆ ಮ್ಯಾನೇಜರು ಅಭ್ಯಾಸ ನೋಡಲು ಬಂದರು. ಪೂರ್ತಿ ಕೇಳಿದರು. ಈರಪ್ಪನ ಕೈ ಕುಲುಕಿ, "ವಾಯ್ಸ್ ಸೂಪರ್ ಬ್ರದರ್" ಅಂದರು. ಅವನು ಸಂಜೆಯ ಕೆಲಸಕ್ಕೆ ಹೊರಟುಹೋದ ಮೇಲೆ ನಮ್ಮ ಮೂವರನ್ನು ಕೂರಿಸಿಕೊಂಡರು.

"ವಾಯ್ಸ್ ಬಗ್ಗೆ ಮಾತೇ ಇಲ್ಲ ಸಾರ್. ಆದ್ರೆ ಆಕ್ಸೆಂಟ್... ನಮ್ಮ ಕ್ರೌಡ್ ಹೇಗೆ ಅಂತ ನಿಮಗೂ ಗೊತ್ತಲ್ಲ. ಫೋನ್ ತೆಗೆದು ರೀಲ್ ಮಾಡಿ ನಗ್ತಾರೆ. ಅವರಿಗೂ ಬೇಜಾರು, ನಮಗೂ ಬೇಜಾರು. ಈ ಒಂದು ಶೋಗೆ ಬೇರೆಯವರನ್ನ ನೋಡಿ."

ಮೋಹನ ಸಿಟ್ಟಾದ. ಕಿರಣ ಸಮಾಧಾನ ಹೇಳಿದ. ಅವನ ಆಫೀಸಿನಲ್ಲಿ ರೋಹನ್ ಅಂತ ಒಬ್ಬನಿದ್ದ, ಈ ಹಾಡುಗಳೆಲ್ಲ ಬಾಯಿಪಾಠ, ಇಂಗ್ಲಿಷು ನೀರು ಕುಡಿದಷ್ಟು ಸಲೀಸು. ಒಂದೇ ಶೋ ತಾನೇ, ಅಂದ. ಇಬ್ಬರೂ ಒಪ್ಪದೆ ಕೊನೆಗೆ ನನ್ನ ಕಡೆ ತಿರುಗಿದರು.

"ಸುಮಾ, ನೀನು ಇಂಗ್ಲಿಷ್ ಟೀಚರ್," ಅಂದ ಮೋಹನ. "ನೀನೇ ಹೇಳು. ಅಷ್ಟೊಂದು ತಪ್ಪಿದೆಯಾ ಅವನದು?"

ತಪ್ಪು ಇತ್ತು. ಬಿರುಗಾಳಿ ಅನ್ನುವ ಪದ ಅವನ ಬಾಯಲ್ಲಿ 'ಇಸ್ಟಾರ್ಮು' ಆಗುತ್ತಿತ್ತು. ನಕ್ಷತ್ರ ಅನ್ನುವುದು 'ಇಸ್ಟಾರು'. ಹೇಳಿಕೊಟ್ಟಾಗ ಸರಿ ಅನ್ನುತ್ತಿದ್ದ, ಹಾಡಿನ ರಭಸದಲ್ಲಿ ಮತ್ತೆ ಹಾಗೆಯೇ ಬರುತ್ತಿತ್ತು. ಆರು ತಿಂಗಳು ನನಗೆ ಅದು ಕಿವಿಗೆ ಬಿದ್ದೇ ಇರಲಿಲ್ಲ. ಮ್ಯಾನೇಜರು ಹೇಳಿದ ಕ್ಷಣದಿಂದ ಬೇರೇನೂ ಕೇಳಿಸದಾಯಿತು.

ನಾನು ಓದಿದ್ದು ವಿಜಯನಗರದ ಕನ್ನಡ ಶಾಲೆಯಲ್ಲಿ. ಬಿ.ಎಡ್.ಗೆ ಸೇರಿದ ಮೊದಲ ತಿಂಗಳು ಪಾಠ ಮಾಡಿ ತೋರಿಸುವಾಗ ನಾನು ಅಂದ ಒಂದು ಪದಕ್ಕೆ ಇಡೀ ಕ್ಲಾಸು ನಕ್ಕಿತ್ತು. ಅಲ್ಲಿಂದ ಎಷ್ಟೋ ವರ್ಷ ಕನ್ನಡಿ ಮುಂದೆ ನಿಂತು ನಾಲಗೆ ತಿದ್ದಿಕೊಂಡವಳು ನಾನು. ಈಗ ಸ್ಟಾಫ್ ರೂಮಿನಲ್ಲಿ ನನ್ನ ಉಚ್ಚಾರಣೆಗೆ ಹೆಸರಿದೆ. ಪ್ರಿನ್ಸಿಪಾಲರು ಮುಂದಿನ ಟೇಬಲ್ಲಿನಲ್ಲಿ ಕೂತಿರುತ್ತಾರೆ, ವೇದಿಕೆಯಿಂದ 'ಇಸ್ಟಾರ್ಮು' ಬರುತ್ತದೆ, ಇವನಿಗೆ ಕಲಿಸಿದವಳು ಸುಮಾ ಮಿಸ್ ಎಂದು ಯಾರೋ ಹೇಳುತ್ತಾರೆ. ನನ್ನ ಕಣ್ಣಿಗೆ ಬಂದದ್ದು ಅದು. ಈರಪ್ಪನ ಮುಖ ಬರಲಿಲ್ಲ.

"ತಪ್ಪಿದೆ," ಅಂದೆ. "ಎರಡು ವಾರದಲ್ಲಿ ಸರಿಯಾಗಲ್ಲ."

ಅವನಿಗೆ ಹೇಳುವ ಕೆಲಸವನ್ನೂ ನಾನೇ ವಹಿಸಿಕೊಂಡೆ. ನಾನಾದರೆ ಮೆತ್ತಗೆ ಹೇಳುತ್ತೇನೆ ಎಂಬ ನಂಬಿಕೆ ಬೇರೆ. ಗಟ್ಟಿ ಮನಸ್ಸು ಮಾಡಿಕೊಳ್ಳಲು ಒಂದು ವಾರಕ್ಕಿಂತ ಹೆಚ್ಚೇ ಹಿಡಿಯಿತು; ನಡುವಿನ ಭಾನುವಾರ ಅಭ್ಯಾಸವಿಲ್ಲ ಎಂದು ಅವನಿಗೆ ಮೆಸೇಜು ಹಾಕಿದ್ದೆ. ಕಾರ್ಯಕ್ರಮಕ್ಕೆ ಎರಡು ದಿನ ಇರುವಾಗ, ಶುಕ್ರವಾರ ಶಾಲೆ ಬಿಟ್ಟ ಮೇಲೆ, ವಿಜಯನಗರದ ಒಂದು ದರ್ಶಿನಿಗೆ ಬಾ ಎಂದು ಕರೆದೆ. ಹೊರಗೆ ತುಂತುರು. ನಿಂತೇ ಕಾಫಿ ಕುಡಿದೆವು. ಅವನ ಫೋನು ಆರ್ಡರ್ ಬಂತೆಂದು ಒಂದೇ ಸಮನೆ ಕೂಗುತ್ತಿತ್ತು, ಅವನು ಅದರ ಬಾಯಿ ಮುಚ್ಚಿಸಿ ಜೇಬಿಗಿಟ್ಟ. ನಾನು ಹೇಳಿದೆ. ಜಾಗ ಅಂಥದ್ದು, ಜನ ಅಂಥವರು, ಈ ಒಂದು ಸಲ ಮಾತ್ರ, ಉಚ್ಚಾರಣೆ ಇನ್ನೂ ಸ್ವಲ್ಪ, ಅಂತೆಲ್ಲ.

ಅವನು ಲೋಟದೊಳಗೆ ನೋಡುತ್ತಿದ್ದ.

"ನೀವ ಬರದ ಕೊಟ್ಟಿದ್ರಿ ಅಕ್ಕಾರ. ನಾ ಹಂಗ ಓದೇನಿ."

"ಬರೆದದ್ದು ಸರಿಯಾಗಿದೆ ಈರಪ್ಪ, ಹಾಡುವಾಗ..."

"ಹೌದ್ರಿ. ಹಾಡುವಾಗ ನನಗ ಖಬರ ಇರಂಗಿಲ್ಲ." ತಲೆಯೆತ್ತಿ ಕೇಳಿದ, "ಆ ಮಾತಿಲ್ಲದ ಕಡೇನೂ ತಪ್ಪ ಆಗೇತೇನ್ರಿ?"

ಇಲ್ಲ ಅಂದೆ. ಅಲ್ಲಿ ಏನೂ ತಪ್ಪಿಲ್ಲ ಅಂದೆ. ಅವನು ತಲೆಯಾಡಿಸಿದ. ಆಮೇಲೆ, "ಅಪ್ಪ ಬಸ್ಸ ಹತ್ಯಾನ್ರಿ. ನಾಳೆ ಮುಂಜಾನಿ ಇಳೀತಾನ," ಅಂದು ಎರಡೂ ಲೋಟಗಳನ್ನು ತಾನೇ ಎತ್ತಿ ತೊಟ್ಟಿಗೆ ಹಾಕಿ ಹೋದ.

ಭಾನುವಾರ ಮಧ್ಯಾಹ್ನ ಬ್ರೂವರಿಯಲ್ಲಿ ಮೈಕು, ಸ್ಪೀಕರು ಪರೀಕ್ಷಿಸುತ್ತಿದ್ದೆವು. ಹಾಲ್ ಖಾಲಿ. ವೇಟರುಗಳು ಕುರ್ಚಿ ಜೋಡಿಸುತ್ತಿದ್ದರು. ಗಾಜಿನ ಬಾಗಿಲು ತಳ್ಳಿಕೊಂಡು ಈರಪ್ಪ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಜೊತೆಗೆ ಧೋತರ ಉಟ್ಟು ರುಮಾಲು ಸುತ್ತಿದ್ದ ತೆಳ್ಳಗಿನ ಹಿರಿಯರು. ಬಾಗಿಲ ಹತ್ತಿರವೇ ಅವರಿಗೊಂದು ಕುರ್ಚಿ ಎಳೆದು ಕೂರಿಸಿ, ಈರಪ್ಪ ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ ಕೇಳಿದ.

"ಅಕ್ಕಾರ, ಮಂದಿ ಬರೂದರಾಗ ಒಂದ ಹಾಡು. ಅಪ್ಪಾಗ ಕೇಳಸ್ತೀನಿ ಅಂದಿದ್ದೆ. ಖಾಲಿ ಹಾಲಿನಾಗ ಆದ್ರೂ ಅಡ್ಡಿಯಿಲ್ರಿ."

ಕಿರಣ ಗಡಿಯಾರ ನೋಡಿದ. ರೋಹನ್ ಒಳ್ಳೆಯ ಹುಡುಗ. ಮೈಕಿನಿಂದ ಹಿಂದೆ ಸರಿದು ಕೆಳಗಿಳಿದ. ಮೋಹನ ಗಿಟಾರಿನ ಶ್ರುತಿ ಮತ್ತೊಮ್ಮೆ ನೋಡಿಕೊಂಡು ನನಗೆ ಕಣ್ಣಲ್ಲೇ ಸನ್ನೆ ಮಾಡಿದ. ನಾನು ಮೊದಲ ಸ್ವರ ಹಿಡಿದೆ.

ಜೀವನದಲ್ಲಿ ನಾನು ಕೇಳಿದ ದೊಡ್ಡ ತಂಡಗಳ ಲೈವ್ ರೆಕಾರ್ಡಿಂಗುಗಳಿಗೆ ಲೆಕ್ಕವಿಲ್ಲ. ಸಾವಿರಗಟ್ಟಲೆ ಜನ ಒಟ್ಟಿಗೆ ಕೂಗುವುದು, ಹಾಡು ತನ್ನ ಹದ್ದು ದಾಟಿ ಬೇರೆಯೇ ಏನೋ ಆಗಿಬಿಡುವುದು, ಎಲ್ಲ ಕೇಳಿದ್ದೇನೆ. ಕಣ್ಣೆದುರು ಅಂಥದ್ದು ನಡೆದದ್ದು ಅದೊಂದೇ ಸಲ. ಬಿರುಗಾಳಿಯ ಸಾಲು ಬಂದಾಗ 'ಇಸ್ಟಾರ್ಮು' ಅಂತಲೇ ಹಾಡಿದ. ಮಾತಿಲ್ಲದ ಕಡೆ ಬಂದಾಗ ಮೈಕು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ಬಾಗಿಲ ಕಡೆ ತಿರುಗಿ ನಿಂತ. ಮೆಟ್ಟಿಲು ಮೆಟ್ಟಿಲಾಗಿ ಏರಿದ. ಮೂರನೇ ಮೆಟ್ಟಿಲಿಗೆ ವೇಟರುಗಳ ಕೈಯಲ್ಲಿದ್ದ ಕುರ್ಚಿಗಳು ಹಾಗೇ ನಿಂತವು. ಕೊನೆಯದಕ್ಕೆ ಮೋಹನ ನುಡಿಸುವುದು ಬಿಟ್ಟ, ಕಿರಣ ಬಿಟ್ಟ, ನನ್ನ ಎಡಗೈಯ ಒಂದು ಬೆರಳು ಮಾತ್ರ ಒತ್ತಿಕೊಂಡೇ ಇತ್ತು. ಆ ಸ್ವರ ಅವನು ಎಷ್ಟು ಹೊತ್ತು ಹಿಡಿದ ಎಂದು ಈಗ ಹೇಳಲಾರೆ. ರೆಕಾರ್ಡ್ ಮಾಡಿಕೊಳ್ಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

ಹಿರಿಯರು ಎದ್ದು ನಿಧಾನಕ್ಕೆ ವೇದಿಕೆಯ ಹತ್ತಿರ ಬಂದರು. ಮಗನಿಗೆ, "ಮ್ಯಾಲ ಉಸರ ಬಿಡಲಿಲ್ಲ, ಚಲೋ ಆತು," ಅಂದರು. ಅಷ್ಟೇ ಅಂದದ್ದು. ಆಮೇಲೆ ನನ್ನ ಕಡೆ ತಿರುಗಿ ಕೈ ಮುಗಿದರು.

"ಇವಗ ಇದನ್ನ ನೀವ ಕಲಿಸಿದ್ದಂತಲ್ರಿ. ಸಂಜಿಕ ಮಂದಿ ಮುಂದ ಮೊದಲ ಇದನ್ನ ಹಾಡ್ತಾನೇನ್ರಿ, ಕಡೀಕೋ?"

ನಾನು ಮೋಹನನ ಕಡೆ ನೋಡಿದೆ. ಅವನು ಗಿಟಾರಿನ ವೈರನ್ನು ಕೈಗೆ ಸುತ್ತಿಕೊಳ್ಳುತ್ತಿದ್ದ.

"ಸಂಜಿಕ ನಂದ ಡ್ಯೂಟಿ ಐತಪ್ಪ," ಅಂದ ಈರಪ್ಪ. "ರಜಾ ಕೊಡಲಿಲ್ಲ. ಇವರೆಲ್ಲ ಎಷ್ಟ ಕೇಳಿದ್ರೂ ಕೊಡಲಿಲ್ಲ."

ಅಪ್ಪ ಮಗ ಇಬ್ಬರೂ ಹೊರಟರು. ಗಾಜಿನಾಚೆ ಅವನು ಅಪ್ಪನ ತಲೆಗೆ ತನ್ನ ಹೆಲ್ಮೆಟ್ಟು ಹಾಕಲು ನೋಡುತ್ತಿದ್ದ; ಅವರು ರುಮಾಲು ಬಿಚ್ಚಲು ಒಪ್ಪುತ್ತಿರಲಿಲ್ಲ.

ಸಂಜೆ ಹಾಲ್ ತುಂಬಿತ್ತು. ರೋಹನ್ ಒಂದಕ್ಷರ ತಪ್ಪದೆ ಹಾಡಿದ. ಮಾತಿಲ್ಲದ ಕಡೆ ಎರಡನೇ ಮೆಟ್ಟಿಲಿಗೆ ಅವನ ಗಂಟಲು ನಿಂತಿತು, ಮೊದಲೇ ಮಾತಾಡಿಕೊಂಡಿದ್ದಂತೆ ಮೋಹನ ಗಿಟಾರಿನಲ್ಲಿ ಮುಚ್ಚಿದ. ಯಾರಿಗೂ ತಿಳಿಯಲಿಲ್ಲ. ಜನ ಚಪ್ಪಾಳೆ ಹೊಡೆದರು. ಪ್ರಿನ್ಸಿಪಾಲರು ಮರುದಿನ ಅಸೆಂಬ್ಲಿಯಲ್ಲಿ ನನ್ನ ಹೆಸರು ಹೇಳಿದರು. ಸಾಲಾಗಿ ನಿಂತಿದ್ದ ಮಕ್ಕಳು ಚಪ್ಪಾಳೆ ತಟ್ಟಿದಾಗ ನಾನು ನೆಲ ನೋಡುತ್ತ ನಿಂತಿದ್ದೆ.

ಮುಂದಿನ ಭಾನುವಾರ ಈರಪ್ಪ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮೋಹನ ಫೋನ್ ಮಾಡಿದ, ನಾನು ಮಾಡಿದೆ, ರಿಂಗಾಗಿ ನಿಲ್ಲುತ್ತಿತ್ತು. ಶ್ರೀಗಂಧದ ಕಾವಲಿನ ಅವನ ರೂಮು ಹುಡುಕಿಕೊಂಡು ಹೋದೆವು. ರೂಮು ಖಾಲಿ ಮಾಡಿ ಹುಬ್ಬಳ್ಳಿಗೆ ಹೋದನೆಂದು ಜೊತೆಗಿದ್ದವನು ಹೇಳಿದ. ನವೆಂಬರಿನಲ್ಲಿ ಮೋಹನ ಗಿಟಾರನ್ನು ಮನೆಗೆ ಒಯ್ದ. ನಾವು ಮೂವರು ಜಗಳವೇನೂ ಆಡಲಿಲ್ಲ. ಎದುರು ಸಿಕ್ಕರೆ ಮಾತಾಡುತ್ತೇವೆ, ಹಾಡಿನ ವಿಷಯ ಎತ್ತುವುದಿಲ್ಲ.

ಮರುವರ್ಷ ಬೇಸಿಗೆ ರಜೆಯಲ್ಲಿ ಒಂದು ದಿನ ಈರಪ್ಪ ಫೋನ್ ಎತ್ತಿದ. ಎತ್ತುತ್ತಾನೆಂದು ನಾನು ಅಂದುಕೊಂಡೇ ಇರಲಿಲ್ಲ.

"ಹೇಳ್ರಿ ಅಕ್ಕಾರ. ಆರಾಮ ಅದೀರೇನ್ರಿ?"

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಹುಬ್ಬಳ್ಳಿಯಲ್ಲಿ ಒಂದು ಗೋದಾಮಿನಲ್ಲಿ ಕೆಲಸ, ಅಪ್ಪನಿಗೆ ಮೊಣಕಾಲು ನೋವು, ಎಲ್ಲ ಹೇಳಿದ. ನಾನು ತಪ್ಪು ಮಾಡಿದೆ ಈರಪ್ಪ, ಅಂದೆ. ಅವತ್ತು ಮೋಹನ, ಕಿರಣ ನನ್ನನ್ನು ಕೇಳಿದರು, ಬೇಡ ಅಂದವಳು ನಾನೇ, ಎಂದೂ ಹೇಳಿದೆ. ಅವನು, "ಗೊತ್ತೈತ್ರಿ. ಮೋಹನಣ್ಣ ಆವಾಗ ಮೆಸೇಜ್ ಹಾಕಿದ್ರು. ಬಿಡ್ರಿ ಅಕ್ಕಾರ," ಅಂದ. ಆಮೇಲೆ ನಾನು ಕೇಳಬಾರದಿತ್ತು, ಕೇಳಿದೆ.

"ಹಾಡ್ತಾ ಇದೀಯಾ?"

ಲಾರಿಯೊಂದು ಹಾದುಹೋದ ಸದ್ದು ಬಂತು.

"ಇಲ್ರಿ. ಬಾಯಿಗೆ ಬರ್ತೈತಿ. ಬಂದ ಕೂಡ್ಲೆ, ಮಾತ ಬರೋಬ್ಬರಿ ಅದಾವೋ ಇಲ್ಲೋ ಅಂತ ನೋಡಾಕ ಹತ್ತತೀನಿ. ನೋಡೂದ್ರಾಗ ಹಾಡು ಹೋಗಿಬಿಟ್ಟಿರ್ತೈತ್ರಿ."

"ಇಂಗ್ಲಿಷ್ ಹಾಡು ಬಿಡು. ನಿಮ್ಮ ಆಟದ ಪದ?"

"ಅದೂ ಹಂಗ ಆಗೇತ್ರಿ ಅಕ್ಕಾರ. ಅಪ್ಪನ ಮುಂದ ಕುಂತ್ರೂ ಹಂಗ ಆಗ್ತೈತಿ. ಅಪ್ಪ ದೃಷ್ಟಿ ಆಗೇತಿ ಅಂತಾನ, ಅದಕೊಂದು ದಾರ ಕಟ್ಟಿಸ್ಯಾನ." ಅವನು ಮೆಲ್ಲಗೆ ನಕ್ಕ. ಗೋದಾಮಿನಲ್ಲಿ ಯಾರೋ ಅವನ ಹೆಸರು ಹಿಡಿದು ಕೂಗಿದರು. "ಫೋನ ಇಡ್ಲೇನ್ರಿ?" ಅಂದ.

ಇಡು ಅಂದೆ.